ಸಿಮ್ಸ್ 4: ಪಾತ್ರಗಳಿಗೆ ಹಾಕಿದ ಕಸ್ಟಮ್ ಕಂಟೆಂಟ್ ತೆಗೆಯಲು ಯಾವ ದಾರಿ ಸುರಕ್ಷಿತ?

ಕಲ್ಪಿತ ಜನರನ್ನು ರೂಪಿಸಿ ಅವರ ಬದುಕನ್ನು ನಡೆಸುವ ‘ದಿ ಸಿಮ್ಸ್ 4’ ಎಂಬ ಕಂಪ್ಯೂಟರ್ ಆಟದಲ್ಲಿ ನಾನು ಹಲವು ವರ್ಷಗಳಿಂದ ಬೆಳೆಸಿಕೊಂಡು ಬಂದ ಒಂದು ಕುಟುಂಬವಿದೆ. ಅದರ ಹಿರಿಯಳು ಒಬ್ಬ ಅಜ್ಜಿ. ದೊಡ್ಡ ಅಂಚಿನ ಹಸಿರು ಸೀರೆ, ಹಣೆಯಲ್ಲಿ ಅಗಲವಾದ ಕುಂಕುಮ, ಮೂಗುಬೊಟ್ಟು ಮತ್ತು ನರೆತ ಕೂದಲಿನ ತುರುಬು, ಇವಿಷ್ಟೂ ಬೇರೆ ಬೇರೆ ದೇಶಗಳ ಆಟಗಾರರು ತಯಾರಿಸಿ ಹಂಚಿದ ಕಸ್ಟಮ್ ಕಂಟೆಂಟ್, ಅಂದರೆ ಬಳಕೆಯ ಮಾತಿನಲ್ಲಿ ‘ಸಿಸಿ’. ಒಂದು ದಿನ, ಇಂತಹ ಕಡತಗಳನ್ನೆಲ್ಲ ಇಡುವ ಮಾಡ್ಸ್ ಫೋಲ್ಡರನ್ನು ಸ್ವಚ್ಛಗೊಳಿಸಲು ಕುಳಿತು, ಯಾವುದಕ್ಕೆ ಸೇರಿದ್ದೆಂದು ನೆನಪಿಗೆ ಬಾರದ ಒಂದಷ್ಟು ಕಡತಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಎಂದಿನಂತೆ ಆಡಿ ಸೇವ್ ಮಾಡಿದೆ. ಆ ಹೊತ್ತಿನಲ್ಲಿ ನಾನು ಆಡುತ್ತಿದ್ದದ್ದು ಬೇರೊಂದು ಮನೆಯನ್ನು. ನಾಲ್ಕೈದು ದಿನಗಳ ನಂತರ ಅಜ್ಜಿಯ ಮನೆಗೆ ಹೋದಾಗ ಆಕೆಯ ತಲೆ ಬೋಳಾಗಿತ್ತು. ಅಷ್ಟರಲ್ಲಿ ಆರೇಳು ಬಾರಿ ಸೇವ್ ಮಾಡಿದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿಹೋಗಿತ್ತು. ತುರುಬಿನ ಕಡತವನ್ನು ಮತ್ತೆ ಹುಡುಕಿ ತರಲು ನನಗೆ ಎರಡು ವಾರ ಬೇಕಾಯಿತು. ಈ ಬರಹದಲ್ಲಿ ನಾನು ಹೋಲಿಸುವ ದಾರಿಗಳೆಲ್ಲವನ್ನೂ ಅಂದಿನಿಂದ ಇಂದಿನವರೆಗೆ ಸ್ವತಃ ಬಳಸಿ ನೋಡಿದ್ದೇನೆ.

ದಾರಿಗಳನ್ನು ಹೋಲಿಸುವ ಮೊದಲು ಆಟದ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯಬೇಕು, ಏಕೆಂದರೆ ಸರಿ ತಪ್ಪುಗಳೆಲ್ಲ ಅದರಿಂದಲೇ ತೀರ್ಮಾನವಾಗುತ್ತವೆ. ನೀವು ಒಂದು ಪಾತ್ರಕ್ಕೆ ಸೀರೆ ಉಡಿಸಿದಾಗ ಆ ಸೀರೆ ನಿಮ್ಮ ಸೇವ್ ಕಡತದೊಳಗೆ ಹೋಗಿ ಕೂರುವುದಿಲ್ಲ. ಸೇವ್ ಕಡತದಲ್ಲಿ ಉಳಿಯುವುದು ಆ ಸೀರೆಯ ಗುರುತಿನ ಸಂಖ್ಯೆ ಮಾತ್ರ. ಆಟ ತೆರೆದುಕೊಳ್ಳುವಾಗ ಆ ಸಂಖ್ಯೆಯನ್ನು ಹಿಡಿದು ಮಾಡ್ಸ್ ಫೋಲ್ಡರಿನಲ್ಲಿ ಹುಡುಕುತ್ತದೆ; ಸಿಕ್ಕಿದರೆ ಸೀರೆ ಕಾಣಿಸುತ್ತದೆ, ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತದೆ ಅಥವಾ ತನ್ನಲ್ಲಿರುವ ಬೇರಾವುದನ್ನೋ ತಂದು ತುಂಬುತ್ತದೆ. ಇಷ್ಟರವರೆಗೆ ಹಾನಿಯೇನೂ ಆಗಿಲ್ಲ; ಆಟವನ್ನು ಸೇವ್ ಮಾಡದೆ ಮುಚ್ಚಿ, ಕಡತವನ್ನು ಮೊದಲಿದ್ದ ಜಾಗದಲ್ಲಿಟ್ಟರೆ ಎಲ್ಲವೂ ಮರಳಿ ಬರುತ್ತದೆ. ಆ ಸ್ಥಿತಿಯಲ್ಲಿಯೇ ಸೇವ್ ಮಾಡಿದರೆ ಮಾತ್ರ ಹಳೆಯ ಸಂಖ್ಯೆ ಅಳಿದು ಹೊಸ ಸ್ಥಿತಿಯೇ ಕಾಯಂ ಆಗಬಹುದು. ಆದ್ದರಿಂದ ಕಡತವನ್ನು ಅಳಿಸುವುದು ಅಪಾಯದ ಹೆಜ್ಜೆಯಲ್ಲ, ಅಳಿಸಿದ ಮೇಲೆ ನೋಡದೆ ಸೇವ್ ಮಾಡುವುದು ಅಪಾಯದ ಹೆಜ್ಜೆ. ಮೊದಲು ಪಾತ್ರದ ಮೈಯಿಂದ ವಸ್ತುವನ್ನು ಬಿಡಿಸಬೇಕು, ಆಮೇಲೆ ಫೋಲ್ಡರಿನಿಂದ ಕಡತವನ್ನು ತೆಗೆಯಬೇಕು. ಈ ಕ್ರಮ ತಪ್ಪದಿದ್ದರೆ ಕೆಳಗಿನ ಯಾವ ದಾರಿಯಲ್ಲಿ ಹೋದರೂ ನಷ್ಟ ಕಡಿಮೆ.

ಎಲ್ಲ ದಾರಿಗಳಿಗೂ ಸಮಾನವಾದ ಮೊದಲ ಕೆಲಸವೆಂದರೆ ಪ್ರತಿ ತೆಗೆದಿಟ್ಟುಕೊಳ್ಳುವುದು. ಡಾಕ್ಯುಮೆಂಟ್ಸ್ ಒಳಗಿನ ‘ಎಲೆಕ್ಟ್ರಾನಿಕ್ ಆರ್ಟ್ಸ್’ ಎಂಬ ಫೋಲ್ಡರಿನಲ್ಲಿ ‘ದಿ ಸಿಮ್ಸ್ 4’ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿ ಮಾಡ್ಸ್, ಸೇವ್ಸ್ ಮತ್ತು ಟ್ರೇ ಎಂಬ ಮೂರನ್ನು ಬೇರೊಂದು ಜಾಗಕ್ಕೆ, ಸಾಧ್ಯವಾದರೆ ಪೆನ್‌ಡ್ರೈವ್‌ಗೆ ಅಥವಾ ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳಬೇಕು. ಟ್ರೇ ಫೋಲ್ಡರಿನಲ್ಲಿ ನೀವು ಆಟದ ಒಳಗಿನ ಲೈಬ್ರರಿಗೆ ಉಳಿಸಿದ ಕುಟುಂಬಗಳು, ಮನೆಗಳು ಮತ್ತು ಕೋಣೆಗಳು ಇರುತ್ತವೆ. ವಿಂಡೋಸ್ ಕಂಪ್ಯೂಟರುಗಳಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ ಜೋಡಣೆಯಾಗಿರುವುದು ಸಾಮಾನ್ಯ. ಹಾಗಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆಯಾದ್ದರಿಂದ ಅದನ್ನೇ ಸುರಕ್ಷಿತ ಪ್ರತಿಯೆಂದು ನಂಬುವಂತಿಲ್ಲ. ಆಟವು ತಾನಾಗಿಯೇ ಪ್ರತಿ ಸೇವ್‌ಗೂ ಹಿಂದಿನ ಐದು ಆವೃತ್ತಿಗಳನ್ನು ಇಟ್ಟುಕೊಂಡಿರುತ್ತದೆ. ಅವು ಸೇವ್ಸ್ ಫೋಲ್ಡರಿನಲ್ಲಿ ‘ವರ್0’ ರಿಂದ ‘ವರ್4’ ವರೆಗಿನ ಬಾಲಗಳೊಂದಿಗೆ ಕಾಣುತ್ತವೆ ಮತ್ತು ಆಟದ ಒಳಗಿನ ‘ರಿಕವರ್ ಸೇವ್’ ಗುಂಡಿಯಿಂದ ಅವುಗಳನ್ನು ಹಿಂದಕ್ಕೆ ತರಬಹುದು. ಆದರೆ ನೀವು ಸೇವ್ ಮಾಡಿದಷ್ಟೂ ಹಳೆಯವು ಹೊರಗೆ ಹೋಗುತ್ತಿರುತ್ತವೆ. ನನ್ನ ಅಜ್ಜಿಯ ತುರುಬು ಕಳೆದುಹೋದದ್ದು ಇದೇ ಕಾರಣಕ್ಕೆ.

ಮೊದಲ ದಾರಿ: ಆಟದ ಆಯ್ಕೆಗಳಲ್ಲಿ ಸಿಸಿಯನ್ನು ನಿಷ್ಕ್ರಿಯಗೊಳಿಸುವುದು

ಗೇಮ್ ಆಪ್ಷನ್ಸ್‌ನ ‘ಅದರ್’ ವಿಭಾಗದಲ್ಲಿ ಕಸ್ಟಮ್ ಕಂಟೆಂಟ್ ಮತ್ತು ಮಾಡ್‌ಗಳನ್ನು ಅನುಮತಿಸುವ ಒಂದು ಗುರುತು, ಕೋಡ್ ಇರುವ ಸ್ಕ್ರಿಪ್ಟ್ ಮಾಡ್‌ಗಳಿಗೆ ಇನ್ನೊಂದು ಗುರುತು ಇರುತ್ತವೆ. ಗುರುತನ್ನು ತೆಗೆದು ಆಟವನ್ನು ಮುಚ್ಚಿ ಮತ್ತೆ ತೆರೆದರೆ ಸಿಸಿ ಯಾವುದೂ ಓದಲ್ಪಡುವುದಿಲ್ಲ. ಇದು ಅತ್ಯಂತ ಸುಲಭವಾದದ್ದು, ಯಾವ ಕಡತವನ್ನೂ ಮುಟ್ಟಬೇಕಾಗಿಲ್ಲ. ಆದರೆ ಇದು ತೆಗೆಯುವ ದಾರಿಯಲ್ಲ, ಪರೀಕ್ಷಿಸುವ ದಾರಿ. ಆಟದಲ್ಲಿ ಕಾಣಿಸಿದ ದೋಷಕ್ಕೆ ಸಿಸಿ ಕಾರಣವೋ ಅಥವಾ ಆಟವೇ ಕಾರಣವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಪರೀಕ್ಷೆಗೆಂದು ನಿಮ್ಮ ಮುಖ್ಯ ಸೇವ್ ತೆರೆಯಬೇಡಿ. ಹೊಸದೊಂದು ಆಟವನ್ನು ಶುರುಮಾಡಿ ನೋಡಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಟಕ್ಕೆ ಪ್ರತಿ ಹೊಸ ಪ್ಯಾಚ್, ಅಂದರೆ ತಯಾರಕರ ಪರಿಷ್ಕರಣೆ, ಬಂದಾಗ ಈ ಗುರುತುಗಳು ತಾವಾಗಿಯೇ ಆರಿಹೋಗುತ್ತವೆ. ಪ್ಯಾಚ್ ಬಂದ ದಿನ ಅವಸರದಿಂದ ಆಟ ತೆರೆದು, ಮನೆಮಂದಿಯೆಲ್ಲ ಬೋಳುತಲೆಯಲ್ಲಿ ನಿಂತಿರುವುದನ್ನು ಕಂಡು ಗಾಬರಿಯಿಂದ ಕೂದಲು ಬದಲಾಯಿಸಿ ಸೇವ್ ಮಾಡಿದವರು ಅನೇಕರಿದ್ದಾರೆ. ಅಂತಹ ದಿನ ಮಾಡಬೇಕಾದದ್ದು ಇಷ್ಟೇ: ಸೇವ್ ಮಾಡದೆ ಹೊರಬನ್ನಿ, ಗುರುತನ್ನು ಮತ್ತೆ ಹಾಕಿ, ಆಟವನ್ನು ಪುನಃ ತೆರೆಯಿರಿ.

ಎರಡನೆಯ ದಾರಿ: ಇಡೀ ಮಾಡ್ಸ್ ಫೋಲ್ಡರನ್ನು ಹೊರಗಿಡುವುದು

ಮಾಡ್ಸ್ ಫೋಲ್ಡರನ್ನು ಎತ್ತಿ ಡೆಸ್ಕ್‌ಟಾಪ್‌ಗೆ ಹಾಕಿದರೆ, ಮುಂದಿನ ಬಾರಿ ಆಟ ತೆರೆದಾಗ ಖಾಲಿಯಾದ ಹೊಸದೊಂದು ಮಾಡ್ಸ್ ಫೋಲ್ಡರ್ ತಾನಾಗಿ ಹುಟ್ಟುತ್ತದೆ. ಸಿಸಿಯೇ ಬೇಡ, ಮೂಲ ಆಟವನ್ನೇ ಆಡುತ್ತೇನೆ ಎಂದು ತೀರ್ಮಾನಿಸಿದವರಿಗೆ ಇದು ಸರಿಯಾದ ದಾರಿ. ಹತ್ತಾರು ಪಾತ್ರಗಳನ್ನು ಪ್ರೀತಿಯಿಂದ ರೂಪಿಸಿಕೊಂಡವರಿಗೆ ಇದು ಸರಿಯಲ್ಲ, ಏಕೆಂದರೆ ಒಂದೇ ಏಟಿಗೆ ಎಲ್ಲರ ಕೂದಲು, ಉಡುಪು, ಮೈಬಣ್ಣ, ಕಣ್ಣಿನ ಬಣ್ಣ, ಮುಖದ ಆಕಾರ ಎಲ್ಲವೂ ಬದಲಾಗುತ್ತವೆ ಮತ್ತು ಯಾವುದು ಯಾವ ಕಡತದಿಂದ ಬಂದಿತ್ತು ಎಂಬ ಸುಳಿವು ಉಳಿಯುವುದಿಲ್ಲ. ಈ ದಾರಿ ಹಿಡಿಯುವವರೂ ಡೆಸ್ಕ್‌ಟಾಪ್‌ನಲ್ಲಿರುವ ಹಳೆಯ ಫೋಲ್ಡರನ್ನು ಕೆಲವು ವಾರಗಳಾದರೂ ಅಳಿಸದೆ ಇಟ್ಟುಕೊಂಡಿರಬೇಕು.

ಮೂರನೆಯ ದಾರಿ: ಹೆಸರು ನೋಡಿ ಕೈಯಿಂದ ಅಳಿಸುವುದು

ಬಹುತೇಕರು ಮಾಡುವುದು ಇದನ್ನೇ, ತಪ್ಪುಗಳು ಹೆಚ್ಚಾಗಿ ಆಗುವುದೂ ಇಲ್ಲಿಯೇ. ಕಡತದ ಹೆಸರಿನಲ್ಲಿ ತಯಾರಿಸಿದವರ ಹೆಸರು, ವಸ್ತುವಿನ ಹೆಸರು, ಆವೃತ್ತಿಯ ಸಂಖ್ಯೆ ಇದ್ದರೆ ಕೆಲಸ ಸಲೀಸು. ಬರೀ ಅಂಕಿಗಳ ಸಾಲು ಇದ್ದರೆ ಊಹೆಯೇ ಗತಿ. ಅದಕ್ಕಿಂತ ಹೆಚ್ಚಿನ ತೊಡಕು ಮೆಶ್ ಮತ್ತು ರೀಕಲರ್‌ಗಳದ್ದು. ಮೆಶ್ ಎಂದರೆ ವಸ್ತುವಿನ ಆಕಾರ, ರೀಕಲರ್ ಎಂದರೆ ಅದೇ ಆಕಾರಕ್ಕೆ ಬೇರೊಬ್ಬರು ಕೊಟ್ಟ ಬಣ್ಣ. ಇವೆರಡೂ ಬೇರೆ ಬೇರೆ ಕಡತಗಳಾಗಿರುತ್ತವೆ. ಬಣ್ಣವನ್ನು ಉಳಿಸಿಕೊಂಡು ಆಕಾರವನ್ನು ಅಳಿಸಿದರೆ ಆ ವಸ್ತು ಪ್ರಶ್ನಾರ್ಥಕ ಚಿಹ್ನೆಗಳ ಮುದ್ರೆ ಹೊತ್ತು ಕಾಣಿಸಬಹುದು ಅಥವಾ ಆ ಭಾಗವೇ ಮಾಯವಾಗಬಹುದು. ಇಂತಹ ಜೋಡಿಯಲ್ಲಿ ಮೊದಲು ರೀಕಲರ್ ತೆಗೆಯಬೇಕು, ಆ ಮೆಶ್ ಅನ್ನು ಬೇರಾವ ರೀಕಲರೂ ಆಶ್ರಯಿಸಿಲ್ಲವೆಂದು ಖಚಿತವಾದ ಮೇಲೆ ಮಾತ್ರ ಮೆಶ್ ತೆಗೆಯಬೇಕು.

ಆಟ ಬೇಗ ತೆರೆದುಕೊಳ್ಳಲೆಂದು ನೂರಾರು ಕಡತಗಳನ್ನು ಒಂದಾಗಿ ಬೆಸೆದವರಿಗೆ ಕೈಯಿಂದ ಅಳಿಸುವುದು ಸಾಧ್ಯವೇ ಇಲ್ಲ; ಒಂದು ಕಿವಿಯೋಲೆ ತೆಗೆಯಲು ಹೋಗಿ ಒಡವೆಯ ಪೆಟ್ಟಿಗೆಯನ್ನೇ ಎಸೆದಂತಾಗುತ್ತದೆ. ಸಿಮ್ಸ್ 4 ಸ್ಟುಡಿಯೋ ಎಂಬ ಉಚಿತ ಉಪಕರಣದಿಂದ ಬೆಸೆದಿದ್ದರೆ ಅದೇ ಉಪಕರಣದಿಂದ ಬಿಡಿಸಲೂ ಬಹುದು. ನನ್ನ ಅಭಿಪ್ರಾಯದಲ್ಲಿ, ಆಗಾಗ ಬದಲಾಗುವ ಉಡುಪು ಕೂದಲುಗಳನ್ನು ಬೆಸೆಯಲೇಬಾರದು. ತಯಾರಕರ ಹೆಸರಿನಲ್ಲಿ ಒಂದೊಂದು ಉಪಫೋಲ್ಡರ್ ಮಾಡಿ ಬಿಡಿಯಾಗಿಯೇ ಇಡುವುದು ಮೇಲು.

ನಾಲ್ಕನೆಯ ದಾರಿ: ಪಾತ್ರದಿಂದ ಕಡತಕ್ಕೆ ಹೋಗುವುದು

ನಾನು ಈಗ ಬಳಸುವುದು ಈ ದಾರಿಯನ್ನೇ. ಸಿಮ್ಸ್ 4 ಟ್ರೇ ಇಂಪೋರ್ಟರ್ ಎಂಬ ವಿಂಡೋಸ್ ತಂತ್ರಾಂಶ, ಲೈಬ್ರರಿಗೆ ಉಳಿಸಿದ ಒಂದು ಕುಟುಂಬವು ಯಾವ ಯಾವ ಸಿಸಿ ಕಡತಗಳನ್ನು ಬಳಸುತ್ತಿದೆ ಎಂಬುದನ್ನು ಪಟ್ಟಿ ಮಾಡಿ ತೋರಿಸುತ್ತದೆ. ಅಜ್ಜಿಯ ಕುಟುಂಬವನ್ನು ಆಟದ ಒಳಗೆ ಲೈಬ್ರರಿಗೆ ಉಳಿಸಿ, ಆಟವನ್ನು ಮುಚ್ಚಿ, ಈ ತಂತ್ರಾಂಶದಲ್ಲಿ ಆ ಕುಟುಂಬವನ್ನು ಆರಿಸಿ, ಸಿಸಿ ಎಂಬ ಭಾಗವನ್ನು ಒತ್ತಿದರೆ, ಸೀರೆಯ ಕಡತ ಯಾವುದು, ತುರುಬಿನದು ಯಾವುದು, ಅವು ಯಾವ ಉಪಫೋಲ್ಡರಿನಲ್ಲಿವೆ ಎಂಬುದೆಲ್ಲ ಕಣ್ಣೆದುರಿಗೆ ಬರುತ್ತದೆ. ಅಂದರೆ ಯಾವುದನ್ನು ಅಳಿಸಬೇಕು ಎಂಬುದಷ್ಟೇ ಅಲ್ಲ, ಯಾವುದನ್ನು ಎಂದಿಗೂ ಅಳಿಸಬಾರದು ಎಂಬುದೂ ತಿಳಿಯುತ್ತದೆ. ಎರಡನೆಯ ತಿಳಿವಳಿಕೆಯೇ ಹೆಚ್ಚು ಬೆಲೆಯುಳ್ಳದ್ದು. ನನಗೆ ಪ್ರಿಯವಾದ ಪ್ರತಿಯೊಂದು ಕುಟುಂಬಕ್ಕೂ ಹೀಗೆ ಪಟ್ಟಿ ತೆಗೆದು, ಆ ಕಡತಗಳನ್ನು ‘ಮುಟ್ಟಬಾರದು’ ಎಂಬ ಉಪಫೋಲ್ಡರಿಗೆ ಸೇರಿಸಿದ್ದೇನೆ.

ಕಡತ ಗೊತ್ತಾದ ಮೇಲೆ ಪಾತ್ರವನ್ನು ಸಿದ್ಧಗೊಳಿಸುವ ಕೆಲಸ ಇರುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ತೆರೆಯುವ, ಆಟಕ್ಕೆ ವಿಶೇಷ ಆದೇಶಗಳನ್ನು ಬರೆಯುವ ಚೀಟ್ ಪೆಟ್ಟಿಗೆಯಲ್ಲಿ ಟೆಸ್ಟಿಂಗ್‌ಚೀಟ್ಸ್ ಅನ್ನು ಟ್ರೂ ಮಾಡಿ, ಕ್ಯಾಸ್ ಫುಲ್‌ಎಡಿಟ್‌ಮೋಡ್ ಆದೇಶ ಕೊಟ್ಟು, ಶಿಫ್ಟ್ ಒತ್ತಿಕೊಂಡು ಪಾತ್ರದ ಮೇಲೆ ಕ್ಲಿಕ್ ಮಾಡಿದರೆ ಪಾತ್ರವನ್ನು ರೂಪಿಸುವ ‘ಕ್ರಿಯೇಟ್ ಎ ಸಿಮ್’ ಪರದೆಗೆ ಹೋಗಬಹುದು. ಅಲ್ಲಿ ಸಿಸಿ ವಸ್ತುಗಳ ಚಿತ್ರದ ಮೂಲೆಯಲ್ಲಿ ಸ್ಪ್ಯಾನರ್‌ನಂಥ ಚಿಕ್ಕ ಗುರುತು ಇರುತ್ತದೆ. ಸೋಸುವ ಆಯ್ಕೆಯಲ್ಲಿ ಕಸ್ಟಮ್ ಕಂಟೆಂಟ್ ಮಾತ್ರ ತೋರಿಸುವಂತೆಯೂ ಕೇಳಬಹುದು. ಈಗ ತಾಳ್ಮೆ ಬೇಕು. ನಿತ್ಯದ ಉಡುಪು, ಔಪಚಾರಿಕ, ವ್ಯಾಯಾಮ, ಮಲಗುವ, ಪಾರ್ಟಿ, ಈಜು, ಬಿಸಿಲಿನ ಮತ್ತು ಚಳಿಯ ಉಡುಪು ಎಂದು ಎಂಟು ವಿಭಾಗಗಳಿವೆ, ಒಂದೊಂದರಲ್ಲಿ ಐದರವರೆಗೆ ಜೊತೆಗಳನ್ನು ಇಡಬಹುದು. ಲೆಕ್ಕ ಹಾಕಿದರೆ ಒಬ್ಬ ಪಾತ್ರಕ್ಕೆ ನಲವತ್ತು ಉಡುಪುಗಳಾದವು, ಕೂದಲು ಪ್ರತಿಯೊಂದರಲ್ಲಿಯೂ ಬೇರೆಯೇ ಇರಬಹುದು. ನಿತ್ಯದ ಉಡುಪಿನಲ್ಲಿ ತುರುಬು ಬದಲಾಯಿಸಿ ಮುಗಿಯಿತೆಂದುಕೊಂಡರೆ, ಆಟದ ಒಳಗೆ ಮಳೆ ನಿಂತು ಚಳಿ ಶುರುವಾದ ದಿನ ಅಜ್ಜಿ ಕಂಬಳಿ ಬಣ್ಣದ ಕೋಟು ತೊಟ್ಟು ಬೋಳುತಲೆಯಲ್ಲಿ ಅಂಗಳಕ್ಕೆ ಬರುತ್ತಾಳೆ. ರಕ್ತಪಿಶಾಚಿ, ಮತ್ಸ್ಯಕನ್ಯೆ, ತೋಳಮಾನವರಂತಹ ಎರಡು ರೂಪಗಳುಳ್ಳ ಪಾತ್ರಗಳಾದರೆ ಎರಡೂ ರೂಪಗಳನ್ನು ಪರಿಶೀಲಿಸಬೇಕು. ಬೇಡವಾದ ಜೊತೆಗಳನ್ನು ಅಳಿಸಿ ವಿಭಾಗಕ್ಕೊಂದರಂತೆ ಉಳಿಸಿಕೊಂಡರೆ ಕೆಲಸ ಕಡಿಮೆಯಾಗುತ್ತದೆ.

ಇದಾದ ಮೇಲೆ ‘ಸೇವ್ ಆ್ಯಸ್’ ಮೂಲಕ ಹೊಸ ಹೆಸರಿನಲ್ಲಿ ಉಳಿಸಿ, ಆಟ ಮುಚ್ಚಿ, ಕಡತವನ್ನು ಡೆಸ್ಕ್‌ಟಾಪ್‌ಗೆ ಸರಿಸಿ, ಮತ್ತೆ ತೆರೆದು ಆ ಮನೆಗೆ ಹೋಗಿ ಎಲ್ಲರನ್ನೂ ಒಮ್ಮೆ ನೋಡಬೇಕು. ಈ ದಾರಿಯ ಕೊರತೆಯೆಂದರೆ ಸಮಯ. ಮೂವತ್ತು ಕುಟುಂಬಗಳಿರುವ ಸೇವ್‌ನಲ್ಲಿ ಎಲ್ಲರಿಗೂ ಇದನ್ನು ಮಾಡಲು ಯಾರಿಂದಲೂ ಆಗದು. ಮನಸ್ಸಿಗೆ ಹತ್ತಿರವಾದ ನಾಲ್ಕೈದು ಮನೆಗಳಿಗೆ ಮಾಡಿದರೆ ಸಾಕು. ಉಳಿದಂತೆ, ಆಟವೇ ಹುಟ್ಟಿಸುವ ಊರಿನ ಜನರೂ ನಿಮ್ಮ ಸಿಸಿಯನ್ನು ತೊಟ್ಟುಕೊಂಡು ಓಡಾಡುತ್ತಿರುತ್ತಾರೆ, ಅವರ ಉಡುಗೆ ಬದಲಾದರೆ ದೊಡ್ಡ ನಷ್ಟವಿಲ್ಲ.

ಐದನೆಯ ದಾರಿ: ಅರ್ಧರ್ಧ ಭಾಗಿಸಿ ಹುಡುಕುವುದು

ಒಂದು ಪಾತ್ರದ ಮುಖ ವಿಕಾರವಾಗಿದೆ, ಆದರೆ ಕಾರಣವಾದ ಕಡತ ಯಾವುದೆಂದು ಗೊತ್ತಿಲ್ಲ ಎನ್ನುವ ಸಂದರ್ಭಕ್ಕೆ ಆಟಗಾರರು ‘ಫಿಫ್ಟಿ ಫಿಫ್ಟಿ’ ಎಂದು ಕರೆಯುವ ಈ ಕ್ರಮವಿದೆ. ಮಾಡ್ಸ್ ಫೋಲ್ಡರಿನ ಅರ್ಧವನ್ನು ಹೊರಗಿಟ್ಟು ಆಟ ತೆರೆದು ನೋಡುವುದು. ದೋಷ ಉಳಿದಿದ್ದರೆ ಒಳಗಿರುವ ಅರ್ಧದಲ್ಲಿ, ಹೋಗಿದ್ದರೆ ಹೊರಗಿನ ಅರ್ಧದಲ್ಲಿ ಅಪರಾಧಿ ಇದೆಯೆಂದು ತಿಳಿದು, ಆ ಅರ್ಧವನ್ನು ಮತ್ತೆ ಎರಡು ಮಾಡುವುದು. ಸಾವಿರ ಕಡತಗಳಿದ್ದರೂ ಸುಮಾರು ಹತ್ತು ಸುತ್ತುಗಳಲ್ಲಿ ಒಂದೇ ಕಡತಕ್ಕೆ ಬಂದು ತಲುಪಬಹುದು. ಪ್ರತಿ ಸುತ್ತಿಗೂ ‘ಲೋಕಲ್‌ಥಂಬ್‌ಕ್ಯಾಶ್’ ಎಂಬ ಹೆಸರಿನ ಕಡತವನ್ನು ಅಳಿಸಬೇಕು. ಅದು ಮುಖ್ಯ ಫೋಲ್ಡರಿನಲ್ಲಿಯೇ ಇರುತ್ತದೆ, ಆಟ ಅದನ್ನು ಮತ್ತೆ ತಾನೇ ತಯಾರಿಸಿಕೊಳ್ಳುತ್ತದೆ. ಅದನ್ನು ಅಳಿಸದಿದ್ದರೆ ತೆಗೆದ ವಸ್ತುವಿನ ಹಳೆಯ ನೆರಳು ಉಳಿದು ಪರೀಕ್ಷೆಯ ಫಲಿತಾಂಶ ತಪ್ಪಬಹುದು. ಎರಡು ಕಡತಗಳು ಒಂದಕ್ಕೊಂದು ತಾಗಿ ದೋಷವಾಗಿದ್ದರೆ ಈ ಕ್ರಮ ದಾರಿ ತಪ್ಪಿಸುತ್ತದೆಂಬುದೂ ನೆನಪಿರಲಿ. ಕಾರಣ ಗೊತ್ತಿರುವವರಿಗೆ ಈ ಶ್ರಮ ಅನಾವಶ್ಯಕ.

ಯಾವ ವಸ್ತು ಎಂಬುದೂ ಮುಖ್ಯ

ಸಿಸಿ ಎಂಬ ಒಂದೇ ಹೆಸರಿನಡಿಯಲ್ಲಿ ಬರುವ ಎಲ್ಲವೂ ಒಂದೇ ರೀತಿ ವರ್ತಿಸುವುದಿಲ್ಲ. ಆಟದ ಮೂಲ ವಸ್ತುವಿನ ಜಾಗದಲ್ಲಿಯೇ ಕೂರುವ ‘ಡೀಫಾಲ್ಟ್ ರಿಪ್ಲೇಸ್‌ಮೆಂಟ್’ ಕಡತಗಳನ್ನು ತೆಗೆಯುವುದು ಬಲು ಸುಲಭ: ಕಣ್ಣು ಅಥವಾ ಚರ್ಮದ ಅಂತಹ ಕಡತವನ್ನು ಅಳಿಸಿದ ಕೂಡಲೇ ಆಟದ ಮೂಲ ಕಣ್ಣು, ಮೂಲ ಚರ್ಮ ಮರಳುತ್ತವೆ, ಏಕೆಂದರೆ ಗುರುತಿನ ಸಂಖ್ಯೆ ಆಟದ್ದೇ ಆಗಿರುತ್ತದೆ. ಇವುಗಳಿಗೆ ಪಾತ್ರದ ಸಿದ್ಧತೆಯೇ ಬೇಕಿಲ್ಲ. ಸ್ವತಂತ್ರ ಸಂಖ್ಯೆಯುಳ್ಳ ಕೂದಲು, ಉಡುಪು, ಒಡವೆ, ಕುಂಕುಮದಂತಹ ಅಲಂಕಾರಗಳು ಮೇಲೆ ಹೇಳಿದಂತೆ ಸಿದ್ಧತೆ ಬೇಡುತ್ತವೆ.

ಅತ್ಯಂತ ಸೂಕ್ಷ್ಮವಾದವು ಸ್ಲೈಡರ್‌ಗಳು ಮತ್ತು ಪ್ರೀಸೆಟ್‌ಗಳು. ಮೂಗಿನ ಉದ್ದ, ತುಟಿಯ ದಪ್ಪ, ದವಡೆಯ ಅಗಲಗಳನ್ನು ಆಟ ಕೊಡುವ ಮಿತಿಗಿಂತ ಆಚೆಗೆ ಎಳೆಯಲು ಇವು ನೆರವಾಗುತ್ತವೆ. ಇವುಗಳನ್ನು ತೆಗೆದಾಗ ಪಾತ್ರ ಬೋಳಾಗುವುದಿಲ್ಲ, ಬೆತ್ತಲಾಗುವುದಿಲ್ಲ. ಮುಖ ಮಾತ್ರ ತುಸು ಬೇರೆಯಾಗುತ್ತದೆ. ಆ ಬದಲಾವಣೆ ಎಷ್ಟು ನವಿರಾಗಿರುತ್ತದೆಂದರೆ ಕೂಡಲೇ ಕಣ್ಣಿಗೆ ಬೀಳುವುದಿಲ್ಲ, ಬೀಳುವ ಹೊತ್ತಿಗೆ ಹಲವು ಬಾರಿ ಸೇವ್ ಆಗಿರುತ್ತದೆ. ಆದ್ದರಿಂದ ಸ್ಲೈಡರ್ ತೆಗೆಯುವ ಮೊದಲು ಮುಖದ ಎದುರಿನ ಮತ್ತು ಪಕ್ಕದ ನೋಟಗಳ ಚಿತ್ರ ತೆಗೆದಿಟ್ಟುಕೊಂಡು, ಆನಂತರ ಹೋಲಿಸಿ ನೋಡುವುದು ಒಳ್ಳೆಯದು.

ಕಸ್ಟಮ್ ಸ್ವಭಾವಗಳು ಮತ್ತು ವೃತ್ತಿಗಳು ನೋಟಕ್ಕೆ ಸಂಬಂಧಪಡದಿದ್ದರೂ ಪಾತ್ರಕ್ಕೆ ಸೇರಿದವೇ. ತೆಗೆಯುವ ಮೊದಲು ಪಾತ್ರದ ಸ್ವಭಾವವನ್ನು ಮೂಲ ಆಟದ ಒಂದಕ್ಕೆ ಬದಲಿಸಬೇಕು, ವೃತ್ತಿಯಿದ್ದರೆ ರಾಜೀನಾಮೆ ಕೊಡಿಸಬೇಕು. ಇವುಗಳ ಜೊತೆಗೆ ಸ್ಕ್ರಿಪ್ಟ್ ಕಡತವೂ ಬಂದಿದ್ದರೆ ಪ್ಯಾಕೇಜ್ ಮತ್ತು ಸ್ಕ್ರಿಪ್ಟ್ ಎರಡನ್ನೂ ಒಟ್ಟಿಗೆ ತೆಗೆಯಬೇಕು. ಒಂದನ್ನು ಬಿಟ್ಟರೆ ದೋಷಗಳು ಶುರುವಾಗುತ್ತವೆ.

ಇಷ್ಟು ಹೊತ್ತು ಹೇಳಿದ ಕ್ರಮಕ್ಕೆ ಇನ್ನೊಂದು ಮುಖ್ಯ ಅಪವಾದವಿದೆ. ಕೂದಲು, ಉಡುಪುಗಳಿರುವ ಪ್ಯಾಕೇಜ್ ಕಡತಗಳಲ್ಲಿ ಇರುವುದು ಚಿತ್ರ ಮತ್ತು ಆಕಾರದ ಮಾಹಿತಿ. ಆದರೆ ‘ಟಿಎಸ್4ಸ್ಕ್ರಿಪ್ಟ್’ ಬಾಲದ ಕಡತಗಳಲ್ಲಿ ಪೈಥಾನ್ ಭಾಷೆಯ ಕೋಡ್ ಇರುತ್ತದೆ, ಅದು ನಿಮ್ಮ ಕಂಪ್ಯೂಟರಿನಲ್ಲಿ ಚಲಿಸುತ್ತದೆ. 2024ರ ಆರಂಭದಲ್ಲಿ ಕೆಲವು ಸ್ಕ್ರಿಪ್ಟ್ ಮಾಡ್‌ಗಳಲ್ಲಿ ಮಾಹಿತಿ ಕದಿಯುವ ಕೋಡ್ ಪತ್ತೆಯಾಗಿತ್ತು. ಅಂತಹ ಕಡತ ನಿಮ್ಮಲ್ಲಿದೆಯೆಂಬ ಸಂಶಯ ಬಂದರೆ ಪಾತ್ರದ ಸಿದ್ಧತೆ, ಪರೀಕ್ಷೆ ಯಾವುದಕ್ಕೂ ಕಾಯದೆ, ಆಟವನ್ನು ತೆರೆಯದೆ, ಮೊದಲು ಕಡತವನ್ನು ಅಳಿಸಿ, ಕಂಪ್ಯೂಟರನ್ನು ಆಂಟಿವೈರಸ್‌ನಿಂದ ಪರೀಕ್ಷಿಸಿ, ಬೇರೊಂದು ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಪಾತ್ರದ ಗತಿ ಏನಾಯಿತೆಂದು ಆಮೇಲೆ ನೋಡಿಕೊಳ್ಳಬಹುದು.

ಹಳೆಯ ಆಟಗಳನ್ನು ಆಡುವವರಿಗೆ

ಸಿಮ್ಸ್ 3ರಲ್ಲಿ ಎರಡು ಬಗೆಯ ಕಡತಗಳಿವೆ. ‘ಸಿಮ್ಸ್3ಪ್ಯಾಕ್’ ಬಗೆಯವನ್ನು ಆಟವನ್ನು ಶುರುಮಾಡುವ ಲಾಂಚರ್ ಮೂಲಕ ಹಾಕಿದ್ದರೆ ಲಾಂಚರ್ ಮೂಲಕವೇ ತೆಗೆಯಬೇಕು. ಮಾಡ್ಸ್ ಒಳಗಿನ ಪ್ಯಾಕೇಜಸ್ ಫೋಲ್ಡರಿನಲ್ಲಿರುವವನ್ನು ಕೈಯಿಂದ ತೆಗೆದು, ಮುಖ್ಯ ಫೋಲ್ಡರಿನಲ್ಲಿ ಹೆಸರಿನ ಕೊನೆಗೆ ‘ಕ್ಯಾಶ್’ ಎಂದಿರುವ ಐದು ಕಡತಗಳನ್ನು ಅಳಿಸಬೇಕು. 2025ರ ಜನವರಿ 31ರಂದು ಮರುಬಿಡುಗಡೆಯಾದ ಸಿಮ್ಸ್ 2ರಲ್ಲಿ ಸಿಸಿ ಇರುವುದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. ಅಲ್ಲಿ ಕೂದಲು ಉಡುಪುಗಳನ್ನು ತೆಗೆಯುವುದು ಅಪಾಯಕಾರಿಯಲ್ಲ. ಆದರೆ ಊರಿನಲ್ಲಿ ಬದುಕಿದ್ದ ಪಾತ್ರವನ್ನೇ ಅಳಿಸುವುದು, ಸತ್ತವರ ಸಮಾಧಿಕಲ್ಲನ್ನು ಅಳಿಸುವುದು ಇಡೀ ಊರನ್ನು ಕೆಡಿಸುತ್ತದೆ. ಸಿಮ್ಸ್ 4ರ ಅಭ್ಯಾಸದಲ್ಲಿ ಸಿಮ್ಸ್ 2ಕ್ಕೆ ಹೋಗುವವರು ಈ ವ್ಯತ್ಯಾಸವನ್ನು ತಿಳಿದುಕೊಂಡೇ ಹೋಗಬೇಕು.

ಯಾವ ದಾರಿ ಹಿಡಿದರೂ, ಸರಿಸಿದ ಕಡತಗಳನ್ನು ಅಂದೇ ಅಳಿಸಬೇಡಿ. ದಿನಾಂಕ ಬರೆದ ಒಂದು ಫೋಲ್ಡರಿನಲ್ಲಿ ಅವುಗಳನ್ನಿಟ್ಟು, ಮುಖ್ಯವಾದ ಮನೆಗಳಿಗೆಲ್ಲ ಒಮ್ಮೆ ಹೋಗಿ ಬಂದು, ಆಟದ ನಾಲ್ಕು ಋತುಗಳೂ ಕಳೆದ ಮೇಲೆ ಅಳಿಸಿರಿ. ನನ್ನ ಡೆಸ್ಕ್‌ಟಾಪ್‌ನಲ್ಲಿ ಈಗಲೂ ಅಂತಹ ಎರಡು ಫೋಲ್ಡರುಗಳಿವೆ, ಒಂದರಲ್ಲಿ ಅಜ್ಜಿಯ ಹಳೆಯ ಹಸಿರು ಸೀರೆ ಇದೆ. ಆಕೆಗೆ ಈಗ ಬೇರೊಬ್ಬರು ತಯಾರಿಸಿದ, ಸೆರಗು ಇನ್ನೂ ಚೆನ್ನಾಗಿ ಕೂರುವ ಕೆಂಪು ಸೀರೆ ಉಡಿಸಿದ್ದೇನೆ. ಚಳಿಯ ಉಡುಪಿನಲ್ಲಿಯೂ ಅದನ್ನು ಬದಲಿಸಿದ್ದೇನೆಯೇ ಎಂದು ಇಂದು ಸಂಜೆ ಇನ್ನೊಮ್ಮೆ ನೋಡಬೇಕಿದೆ.